ಅಮ್ಮ ಬೀಳುವುದನ್ನು ಕಲಿತಳು

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ತಂಗೀ,

ಹೇಗಿದ್ದೀಯೆ? ಹೋದ ತಿಂಗಳು ಉಳುಕಿದ್ದ ಮೊಣಕಾಲು ಈಗ ಪರವಾಗಿಲ್ಲವೇ? ನಿನ್ನ ಜೂಡೊ ತರಗತಿಯ ಮಕ್ಕಳು ನಿನ್ನ ಮಾತು ಕೇಳುತ್ತಾರೋ, ಇಲ್ಲ ನೀನು ಅಮ್ಮನ ಮಾತು ಕೇಳುತ್ತಿದ್ದಷ್ಟೇಯೋ? ಫೋನಿನಲ್ಲೇ ಹೇಳೋಣವೆಂದರೆ ನಿನ್ನ ದನಿ ಕೇಳಿದ್ದೇ ತಡ, ಅಮ್ಮ ಕಸಿದುಕೊಳ್ಳುತ್ತಾಳೆ. ಅದಕ್ಕೇ ಈ ಕಾಗದ. ಅಕ್ಷರಗಳು ಸೊಟ್ಟಪಟ್ಟಗಿವೆ, ನಗಬೇಡ.

ನೀನು ರಜೆಗೆ ಬಂದು ನಡುಮನೆಯಲ್ಲಿ ಹಾಸಿಗೆ ಹಾಸಿ ಅಮ್ಮನಿಗೆ ಬೀಳುವುದನ್ನು ಕಲಿಸಿ ಹೋದೆಯಲ್ಲ, ಅಂದಿನಿಂದ ನನಗೆ ನೆಮ್ಮದಿಯಿಲ್ಲ. ದಿನಾ ಸಂಜೆ ಅದೇ ಪಾಠ. ಗದ್ದ ಎದೆಗೆ ಒತ್ತುವುದು, ಬೆನ್ನು ದುಂಡಗೆ ಮಾಡಿ ಉರುಳುವುದು, ಇಡೀ ತೋಳಿನಿಂದ ಹಾಸಿಗೆಗೆ ಪಟ್ಟೆಂದು ಬಡಿಯುವುದು. ನನ್ನ ಹೊಲಿಗೆ ಯಂತ್ರದ ಮೇಲಿನ ಗುಂಡಿಡಬ್ಬಿ ಕುಣಿಯುತ್ತದೆ. "ಬೀಳೋವಾಗ ಕೈ ಊರಬಾರದಂತೆ ಕಣೇ, ಚಿಕ್ಕವಳು ಹೇಳಿದಾಳೆ." ಇದನ್ನು ಹಾಲಿನವನಿಗೂ ಹೇಳಿಯಾಯಿತು. ವರ್ಷಗಟ್ಟಲೆ ನಾನು "ಅಮ್ಮಾ, ನಿಧಾನ" ಎಂದು ಬಾಯಿ ನೋಯಿಸಿಕೊಂಡರೂ ಕಿವಿಗೆ ಹಾಕಿಕೊಳ್ಳಲಿಲ್ಲ; ನೀನು ಬಂದು ಬೀಳು ಅಂದೆ, ಬಿದ್ದಳು. ಹೊಟ್ಟೆಕಿಚ್ಚಾ ಅಂತೀಯಾ? ಹೌದು ಮಾರಾಯ್ತಿ, ಹೊಟ್ಟೆಕಿಚ್ಚೇ. ಔಷಧಿ, ಸ್ನಾನದ ನೀರು, ಕಾಲೊತ್ತುವುದು ನನ್ನ ಪಾಲಿಗೆ. ಹೊಗಳಿಕೆ ನಿನ್ನ ಪಾಲಿಗೆ. ನನಗೂ ಕಲಿಸುತ್ತೇನೆ ಎಂದೆಯಲ್ಲ, "ನಾನು ಬಿದ್ದರೆ ಈ ಮನೆ ನಡೆಸೋರು ಯಾರು?" ಎಂದು ನಾನೇ ಮುಖ ತಿರುಗಿಸಿದ್ದೆ.

ಗುರುವಾರ ಹಿತ್ತಿಲ ಬಾಗಿಲಲ್ಲಿ ಸೋಪಿನ ನೀರು ಚೆಲ್ಲಿತ್ತು. ಅಮ್ಮ ಕಾಲಿಟ್ಟಳು, ಜಾರಿದಳು. ನಾನು ಹಿಡಿಯಲು ಓಡಿದೆ. ಅವಳೋ ಗದ್ದ ಒತ್ತಿ, ಉರುಳಿ, ನೆಲಕ್ಕೆ ಪಟ್ಟೆಂದು ಬಡಿದು, ಎದ್ದು ಕೂತು ನಗುತ್ತಿದ್ದಳು! ಒಂದು ಗೀರೂ ಇಲ್ಲ. ಡಾಕ್ಟರು ನೋಡಿ "ಯಾರಮ್ಮಾ ಕಲಿಸಿದ್ದು?" ಎಂದುಬಿಟ್ಟರು. ಇನ್ನು ಕೇಳಬೇಕೆ, ಆಸ್ಪತ್ರೆಯ ವರಾಂಡದಲ್ಲಿ ಕೂತವರಿಗೆಲ್ಲ ನಿನ್ನ ಪುರಾಣ. ಪಕ್ಕದಲ್ಲೇ ಇದ್ದ ನನ್ನನ್ನು ತೋರಿಸಿ "ಇವಳು ದೊಡ್ಡವಳು" ಎಂದಳು, ಅಷ್ಟೇ.

ಅಂತೂ ನೀನು ಅಮ್ಮನ ಸೊಂಟ ಉಳಿಸಿದೆ. ಹೊಟ್ಟೆ ಉರಿಯುತ್ತಿದ್ದರೂ ಬಾಯಿತುಂಬ ಹರಸುತ್ತೇನೆ, ಚೆನ್ನಾಗಿರು. ಮೊಣಕಾಲಿಗೆ ಎಣ್ಣೆ ತಿಕ್ಕಿಕೋ.

ಇತಿ,
ಆ ದೊಡ್ಡವಳು

ತಾ.ಕ.: ಅಮ್ಮನನ್ನು ಹಿಡಿಯಲು ಓಡಿದ ನಾನೂ ಅದೇ ನೀರಿನಲ್ಲಿ ಜಾರಿದೆ. ಕೈ ಊರಿದೆ. ಬಲ ಮಣಿಕಟ್ಟು ಮುರಿದು ಪ್ಲಾಸ್ಟರ್ ಹಾಕಿದ್ದಾರೆ. ಇದು ಎಡಗೈ ಬರಹ. ಹೊಲಿಗೆ ನಿಂತಿದೆ. ಅಮ್ಮ ತುತ್ತು ಮಾಡಿ ತಿನ್ನಿಸುತ್ತಾಳೆ, ತಲೆ ಬಾಚುತ್ತಾಳೆ, ನೋವಾಯ್ತಾ ಎಂದು ಗಳಿಗೆಗೊಮ್ಮೆ ಕೇಳುತ್ತಾಳೆ. ನೀನು ಹುಟ್ಟಿದ ಮೇಲೆ ಇದೇ ಮೊದಲು. "ಚಿಕ್ಕವಳನ್ನ ಕರೆಸೋಣ, ನಿಂಗೆ ಆಸರೆ ಆಗುತ್ತೆ" ಅನ್ನುತ್ತಿದ್ದಾಳೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಖಂಡಿತ ಬಾ, ನನಗೂ ಬೀಳುವುದನ್ನು ಕಲಿಸು. ಅಲ್ಲಿಯವರೆಗೆ, ಅಮ್ಮ ಕರೆದರೆ, ರಜೆ ಸಿಗಲಿಲ್ಲ ಅನ್ನು.