ಗಂಗಾ ನೇಲ್ಸ್ ಎಂಬ ಹೆಸರಿನಲ್ಲಿ

ಮಿಯಾಪುರ, ಹೈದರಾಬಾದ್
೧೯ ಫೆಬ್ರವರಿ ೨೦೨೨, ಶನಿವಾರ

ಪ್ರೀತಿಯ ತಂಗಿ ಸುಮತಿಗೆ,

ಹೇಗಿದ್ದೀ? ಸಿರವಾರದಲ್ಲಿ ಈಗಲೇ ಬಿಸಿಲು ಏರಿರಬೇಕು. ಬಿಸಿಲಿಗೆ ಹೋದರೆ ನಿನಗೆ ತಲೆನೋವು ತಪ್ಪುವುದಿಲ್ಲ, ಹೊರಗೆ ಹೊರಟಾಗ ತಲೆಯ ಮೇಲೆ ವೇಲು ಹಾಕಿಕೋ. ಅತ್ತೆಯ ದಮ್ಮು ಹೇಗಿದೆ? ಒಲೆಯ ಹೊಗೆಗೆ ಅವಳನ್ನು ಕೂರಿಸಬೇಡ, ರೊಟ್ಟಿ ನೀನೇ ಬಡಿ. ಇಲ್ಲಿ ಅಪ್ಪ ಆರಾಮಾಗಿದ್ದಾನೆ. ಮೊಣಕಾಲಿನ ಆಪರೇಷನ್ ಆದ ಮೇಲೆ ಈಗ ಕೋಲಿಲ್ಲದೆ ಮೆಟ್ಟಿಲು ಇಳಿದು ಚಹಾ ಅಂಗಡಿಯವರೆಗೆ ಹೋಗಿ ಬರುತ್ತಾನೆ. ನೀನು ಅತ್ತೆಗೆ ಆಸರೆಯಾಗಲು ಊರಿಗೆ ಹೋಗಿದ್ದೀ ಎಂದು ಹೇಳಿದ್ದೇನೆ. ನಂಬಿದ್ದಾನೋ ಇಲ್ಲವೋ ತಿಳಿಯದು. ದಿನಾ ಸಂಜೆ ಒಮ್ಮೆ ಬಾಗಿಲ ಕಡೆ ನೋಡಿ, "ಸುಮಿ ಫೋನ್ ಮಾಡಿದ್ಲೇನವಾ?" ಎಂದು ಕೇಳುತ್ತಾನೆ. ನಾನು ಹೂಂ ಎನ್ನುತ್ತೇನೆ.

ನೀನು ಅಲ್ಲಿರುವುದು ನನಗೆ ಹೇಗೆ ಗೊತ್ತಾಯಿತೆಂದು ಶಂಕ್ರಮ್ಮತ್ತೆಯ ಮೇಲೆ ಸಿಟ್ಟಾಗಬೇಡ. ಅವಳು ಏನೂ ಹೇಳಿಲ್ಲ. ನಾನು ಫೋನ್ ಮಾಡಿದಾಗ, "ಇಲ್ಲವಾ, ಇಲ್ಲಿಗೆ ಬಂದಿಲ್ಲ" ಎಂದಳು, ಅಷ್ಟೇ. ಅಣ್ಣನ ಮಗಳು ಮನೆ ಬಿಟ್ಟು ಹೋಗಿದ್ದಾಳೆಂದು ಕೇಳಿದವಳು ಯಾವಾಗ, ಯಾಕೆ, ಏನಾಯಿತು ಎಂದು ಕೇಳಬೇಕಲ್ಲವೇ? ಒಂದನ್ನೂ ಕೇಳದೆ ಫೋನಿಟ್ಟಳು. ಸುಳ್ಳು ಹೇಳಿ ರೂಢಿಯಿಲ್ಲದವರ ಸುಳ್ಳು ಹಾಗೆಯೇ ಇರುತ್ತದೆ. ನಿನ್ನ ಮೊಬೈಲು ಬಂದ್ ಇರುವುದರಿಂದ ಈ ಪತ್ರ ಬರೆದಿದ್ದೇನೆ. ನಮ್ಮ ಬಿಲ್ಡಿಂಗಿನ ವಾಚ್‌ಮನ್ ಹಂಪಯ್ಯ ಇವತ್ತು ಕಾಚಿಗೂಡದಿಂದ ರಾಯಚೂರಿನ ಗಾಡಿ ಹತ್ತುತ್ತಾನೆ. ನಾಳೆ ಸಿರವಾರಕ್ಕೆ ಬಂದು ನಿನ್ನ ಕೈಗೇ ಕೊಡುತ್ತೇನೆಂದು ಒಪ್ಪಿಕೊಂಡಿದ್ದಾನೆ. ಹರಿದು ಹಾಕುವ ಮನಸ್ಸಾದರೆ ಪೂರ್ತಿ ಓದಿ ಹರಿ.

ನೀನು ಹೋದ ದಿನ ಮಧ್ಯಾಹ್ನ ಅಂಗಡಿಗೆ ಒಬ್ಬ ಹುಡುಗಿ ಬಂದಳು. ಹೆಸರು ಸಿಂಚನಾ, ಮೈಸೂರಿನವಳು, ಇಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಎರಡೂ ಕೈಗೆ ಬ್ಯಾಂಡೇಜ್ ಸುತ್ತಿತ್ತು, ಕಣ್ಣಿನ ರೆಪ್ಪೆ ಊದಿ ಅರ್ಧ ಮುಚ್ಚಿಕೊಂಡಿದ್ದವು. ಬಾಗಿಲು ತಳ್ಳಲಿಕ್ಕೆ ಅವಳಿಗೆ ಕೈ ಬರಲಿಲ್ಲ, ಮೊಣಕೈಯಿಂದ ತಳ್ಳಿದಳು. ಆನ್‌ಲೈನಿನ ಗಂಗಾ ನೇಲ್ಸ್ ಪೇಜಿನಿಂದ ಜೆಲ್ ಉಗುರಿನ ಕಿಟ್ ತರಿಸಿ ರೂಮಿನಲ್ಲೇ ಹಚ್ಚಿಕೊಂಡಳಂತೆ. ಅಕ್ಕನ ಮದುವೆಗೆ ಹೋಗುವುದಿತ್ತಂತೆ. ಮೊದಲು ತುರಿಕೆ, ಆಮೇಲೆ ಉರಿ, ಆಮೇಲೆ ಉಗುರು ಬುಡದಿಂದ ಏಳತೊಡಗಿವೆ. ಪೇಜಿನ ನಂಬರಿಗೆ ಫೋನ್ ಮಾಡಿದರೆ ಕನ್ನಡದಲ್ಲೇ ಒಬ್ಬರು ಮಾತಾಡಿ, ತಣ್ಣೀರಿನಲ್ಲಿ ಕೈ ಇಡಿ, ಇಳಿಯುತ್ತದೆ ಎಂದರಂತೆ. ಮತ್ತೆ ಮಾಡಿದರೆ ಸ್ವಿಚ್ ಆಫ್. ಆ ಒಬ್ಬರು ನೀನೇ. ಅದಕ್ಕೇ ನೀನು ಪಾರ್ಸೆಲ್ ತರುತ್ತೇನೆಂದು ಹೇಳಿ ಬೆಳಿಗ್ಗೆಯೇ ಹೊರಟೆ.

ನಾನು ಇದು ನಮ್ಮದಲ್ಲ ಎಂದು ಜಗಳಕ್ಕೇ ನಿಂತೆ. ನಮ್ಮಲ್ಲಿ ಕೂತು ಉಗುರು ಮಾಡಿಸಿಕೊಂಡವರಿಗೆ ಇಷ್ಟು ವರ್ಷದಲ್ಲಿ ಹೀಗಾಗಿಲ್ಲ ಎಂದೆ. ಅವಳು ಜಗಳಾಡಲಿಲ್ಲ. ಹೆಗಲಿನ ಚೀಲ ನನ್ನ ಮುಂದೆ ಮಾಡಿ, ನೀವೇ ತೆಗೆದು ನೋಡಿ ಎಂದಳು. ಒಳಗೆ ಡಬ್ಬಿ ಇತ್ತು. ಮೇಲೆ ನನ್ನ ಫೋಟೊ, ನಮ್ಮ ಅಂಗಡಿಯ ವಿಳಾಸ. ಬಾಟಲಿ ನೋಡಲಿಕ್ಕೆ ನಾವು ಬಳಸುವ ಕಂಪನಿಯದೇ, ಆದರೆ ಹೆಸರಿನಲ್ಲಿ ಒಂದು ಅಕ್ಷರ ಬೇರೆ. ಮುಚ್ಚಳ ತೆಗೆದರೆ ಮೂಗಿಗೆ ಹೊಡೆಯುವ ವಾಸನೆ. ಜೆಲ್ ಗಟ್ಟಿಮಾಡಲೆಂದು ಜೊತೆಗಿಟ್ಟ ಲ್ಯಾಂಪು ಮಕ್ಕಳ ಆಟಿಕೆಯ ಹಾಗಿತ್ತು. ಅದರ ಬೆಳಕಿಗೆ ಯಾವ ಜೆಲ್ಲೂ ಗಟ್ಟಿಯಾಗುವುದಿಲ್ಲ, ಒಳಗೆ ಹಸಿಯಾಗಿಯೇ ಉಳಿದು ಚರ್ಮಕ್ಕೆ ಇಳಿಯುತ್ತದೆ. ಆ ಹುಡುಗಿ ಒಂದೇ ಮಾತು ಕೇಳಿದಳು. "ಇದರಲ್ಲಿ ಏನಿತ್ತು ಅಂತ ಹೇಳಿ ಅಕ್ಕಾ. ಡಾಕ್ಟ್ರು ಕೇಳ್ತಿದ್ದಾರೆ. ಅಷ್ಟು ಹೇಳಿದ್ರೆ ಸಾಕು." ಬಾಟಲಿಯನ್ನು ಸುತ್ತ ತಿರುಗಿಸಿ ನೋಡಿದೆ, ಒಳಗೆ ಏನಿದೆ ಎಂದು ಎಲ್ಲೂ ಬರೆದಿರಲಿಲ್ಲ. ಅದು ನಿನಗೂ ಗೊತ್ತಿರಲಿಕ್ಕಿಲ್ಲ.

ಅವಳ ಜೊತೆ ನಾನೂ ಚರ್ಮದ ಡಾಕ್ಟರ ಹತ್ತಿರ ಹೋದೆ. ಆ ವಯಸ್ಸಾದ ಹೆಂಗಸು ದನಿಯೇರಿಸದೆ, ತೆಲುಗಿನಲ್ಲಿ ನಿಧಾನವಾಗಿ ಹೇಳಿದರು. ಗಾಯ ಮಾಯುತ್ತದೆ, ಉಗುರೂ ಬರಬಹುದು. ಆದರೆ ಜೆಲ್ಲಿನಲ್ಲಿರುವ ಇಂಥ ಅಂಟನ್ನು ಒಮ್ಮೆ ಮೈ ವಿರೋಧಿಸತೊಡಗಿದರೆ ಅದು ಹೋಗುವಂಥದಲ್ಲ, ಸಾಯುವವರೆಗೆ ಇರುತ್ತದೆ. ಮುಂದೆ ಹಲ್ಲಿಗೆ ಏನಾದರೂ ತುಂಬಿಸುವುದಿದ್ದರೂ, ಮೊಣಕಾಲಿಗೆ ಆಪರೇಷನ್ ಆಗುವುದಿದ್ದರೂ ಮೊದಲೇ ಹೇಳಬೇಕು, ಅಲ್ಲಿಯೂ ಇದೇ ಜಾತಿಯ ಅಂಟು ಬಳಸುತ್ತಾರೆ ಎಂದರು. ನನಗೆ ಅಪ್ಪನ ಮೊಣಕಾಲು ಕಣ್ಣ ಮುಂದೆ ಬಂತು. ಮಿಯಾಪುರದ ಇಷ್ಟೆತ್ತರದ ಮನೆಗಳಿಗೆಲ್ಲ ಇಟ್ಟಿಗೆ ಹೊತ್ತು ಸವೆಸಿಕೊಂಡ ಕಾಲಿಗೆ ಒಂದು ಆಪರೇಷನ್ ಆಸರೆಯಾಯಿತು. ಆ ಹುಡುಗಿಗೆ ಮುದಿತನದಲ್ಲಿ ಅದೂ ಸಲೀಸಾಗಿ ಸಿಗುವುದಿಲ್ಲ. ಇಷ್ಟಕ್ಕೆ ಕಾರಣ, ಅಂಗೈಯಲ್ಲಿ ಹಿಡಿಯುವಷ್ಟು ಬಾಟಲಿ. ಕೊನೆಗೆ ಡಾಕ್ಟರು ನನ್ನ ಕಡೆ ತಿರುಗಿ, ಇದನ್ನು ಇನ್ನೆಷ್ಟು ಮಂದಿಗೆ ಮಾರಿದ್ದೀರಿ ಎಂದು ಕೇಳಿದರು. 

ಸುಮಿ, ಲಾಕ್‌ಡೌನಿನಲ್ಲಿ ಶಟರ್ ಎಳೆದು ಕೂತಿದ್ದಾಗ ಮನೆ ನಡೆಸಿದವಳು ನೀನು. ಅದನ್ನು ನಾನು ಯಾವತ್ತೂ ಮರೆಯುವುದಿಲ್ಲ. ನನ್ನ ಹೆಸರಿನಲ್ಲಿ ಪೇಜು ಮಾಡಿ, ನನ್ನ ತರಬೇತಿಯ ಸರ್ಟಿಫಿಕೇಟು ಹಾಕಿ, ಸಾದಾ ನೇಲ್ ಪಾಲಿಶು, ಅಂಟಿಸುವ ಉಗುರು ಮಾರಿದೆ. ತೆಲುಗು, ಹಿಂದಿ, ಇಂಗ್ಲಿಷ್ ಮೂರರಲ್ಲೂ ನೀನು ಬರೆಯುತ್ತಿದ್ದ ಸಾಲು ನೋಡಿ ನನ್ನ ತಂಗಿ ಎಷ್ಟು ಜಾಣೆ ಎಂದು ಗಿರಾಕಿಗಳ ಮುಂದೆ ಹೇಳಿಕೊಂಡಿದ್ದೇನೆ. ಆಮೇಲೆ ಕಂಪನಿಯವರು ಪಾರ್ಲರಿಗೆಂದೇ ಕೊಡುವ ಜೆಲ್ಲು, ಅದಕ್ಕೆ ಮೊದಲು ಹಚ್ಚುವ ಪ್ರೈಮರು ಪೇಜಿನ ಮೇಲೆ ಬಂದವು. ಕೆಲಸ ಕಲಿತವರು ಮಾತ್ರ ಬಳಸಬೇಕೆಂದು ಬಾಟಲಿಯ ಮೇಲೇ ಬರೆದಿರುತ್ತದೆ. ನಾನು ಬೇಡವೆಂದಾಗ ನೀನು ಹೇಳಿದ್ದು ಈಗಲೂ ಕಿವಿಯಲ್ಲಿದೆ. "ಅಕ್ಕಾ, ನೀ ಒಂದೊಂದ ಉಗುರು ತಿಕ್ಕೊಂತ ಕುಂತರ ನಾವು ಮುಂದ ಬರೋದು ಯಾವಾಗ? ಆ ಸರ್ಟಿಫಿಕೇಟು ಗ್ವಾಡಿಗೆ ತೂಗಿಹಾಕಿದ್ರ ಹೊಟ್ಟಿ ತುಂಬತೈತೇನು?" ನಿನಗೂ ಆ ತರಬೇತಿಗೆ ಸೇರುವ ಆಸೆಯಿತ್ತು. ಹತ್ತನೆಯದು ಪಾಸಾಗಿಲ್ಲವೆಂದು ಅವರು ಸೇರಿಸಿಕೊಳ್ಳಲಿಲ್ಲ. ಆ ದಿನದಿಂದ ಆ ಕಾಗದದ ಮೇಲೆ ನಿನಗೆ ಸಿಟ್ಟು. ನನಗೆ ಅದು ಅರ್ಥವಾಗುತ್ತಿತ್ತು. ಅದಕ್ಕೇ ಹೆಚ್ಚು ಗದರಲಿಲ್ಲ. ಹೊರಗೆ ಮಾರಿದರೆ ಮಾಲು ನಿಲ್ಲಿಸುತ್ತೇವೆಂದು ಕಂಪನಿಯವರು ಎಚ್ಚರಿಕೆ ಕೊಟ್ಟ ಮೇಲೆ ನೀನು, "ಬಿಟ್ಟೆ ಬಿಡಕ್ಕಾ" ಎಂದೆ. ನಾನು ನಂಬಿದೆ. ಅಸಲಿ ಮಾಲು ಸಿಗದೆ ಹೋದಾಗ ನೀನು ಕಾಶಿನಾಥನ ನಕಲಿ ಮಾಲಿಗೆ ಕೈಹಾಕಿದ್ದು ನನಗೆ ಈಗ ತಿಳಿಯುತ್ತಿದೆ. ಕಾಶಿನಾಥಣ್ಣಾ, ಮಾಲು ಕಳಿಸು ಎಂದು ನೀನು ಫೋನಿನಲ್ಲಿ ಮಾತಾಡುವಾಗ ಅವನು ಕೊರಿಯರಿನವನು ಅಂದುಕೊಂಡಿದ್ದೆ.

ಅವನ ಶೆಡ್ಡು ಬಾಲಾನಗರದಲ್ಲಿದೆ ಎಂದು ಒಮ್ಮೆ ಬಾಯಿ ಜಾರಿ ಹೇಳಿದ್ದೆಯಲ್ಲ, ಅಲ್ಲಿಗೂ ಹೋಗಿ ಬಂದೆ. ಗಲ್ಲಿ ಗಲ್ಲಿ ತಿರುಗಿದೆ. ಎಲ್ಲ ಶೆಡ್ಡೂ ಒಂದೇ ಥರ, ಎಲ್ಲದರೊಳಗೂ ಮಷೀನಿನ ಸದ್ದು. ಕಾಶಿನಾಥ ಎಂದರೆ ಯಾವ ಕಾಶಿನಾಥ, ಲೇಥ್ ಇಟ್ಟವನೋ ಪ್ಲಾಸ್ಟಿಕ್ ಅಚ್ಚು ಹಾಕುವವನೋ ಎಂದು ಕೇಳಿ ಜನ ನಕ್ಕರು. ಉಗುರಿನ ಬಣ್ಣ ತುಂಬುವವನು ಎಂದರೆ ಇನ್ನೂ ನಕ್ಕರು. ಸುಸ್ತಾಗಿ ಒಂದು ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ಯಾರೋ ನೀರು ತಂದುಕೊಟ್ಟರು.

ಇನ್ನೊಂದು ಸಂಗತಿ ಕೇಳು. ನೀನು ಹೋದ ಮೇಲೆ ಪೇಜು ನಿಂತಿದೆ ಎಂದು ತಿಳಿದಿದ್ದೆ. ನಿಂತಿಲ್ಲ. ಹೊಸ ಹೊಸ ಫೋಟೊ ಬರುತ್ತಲೇ ಇವೆ, ಪ್ರೇಮಿಗಳ ದಿನಕ್ಕೆ ರಿಯಾಯಿತಿಯನ್ನೂ ಕೊಟ್ಟರು. ಇದು ನಕಲಿ, ಕೊಳ್ಳಬೇಡಿ, ನಾನೇ ಆ ಗಂಗಾ ಎಂದು ಫೋಟೊದ ಕೆಳಗೆ ಬರೆದೆ. ಸ್ವಲ್ಪ ಹೊತ್ತಿನಲ್ಲೇ ನನ್ನನ್ನು ಬ್ಲಾಕ್ ಮಾಡಿದರು. ನನ್ನ ಮುಖ, ನನ್ನ ಹೆಸರು ಹೊತ್ತ ಪೇಜು ನನ್ನನ್ನೇ ಹೊರಗೆ ಹಾಕಿತು. ದೂರು ಕೊಟ್ಟರೆ ಇಂಗ್ಲಿಷಿನಲ್ಲಿ ಧನ್ಯವಾದ ಎಂದು ಉತ್ತರ ಬಂತು, ಅಷ್ಟೇ. ಹಂಪಯ್ಯನ ಫೋನಿನಿಂದ ಒಂದು ಕಿಟ್ ನಾನೇ ಆರ್ಡರ್ ಮಾಡಿ ನೋಡಿದೆ. ಬಂತು. ಅದೇ ಬಾಟಲಿ, ಅದೇ ವಾಸನೆ. ಕಳಿಸಿದವರ ವಿಳಾಸ ನಮ್ಮದು. ಅದನ್ನು ನೀನು ಸಿರವಾರದಿಂದ ಕಳಿಸಿಲ್ಲವೆಂದು ನನಗೆ ಗೊತ್ತು. ನಿನ್ನ ಪಾಸ್‌ವರ್ಡು ಕಾಶಿನಾಥನ ಕೈಯಲ್ಲಿದೆ, ಅಲ್ಲವೇ? ನೀನು ಹೆದರಿ ಓಡಿದೆ, ಅವನು ಓಡಲಿಲ್ಲ.

ಸಿಂಚನಾಳ ತಂದೆ ಮೈಸೂರಿನಿಂದ ಬಂದಿದ್ದಾರೆ. ರಾಮಕೃಷ್ಣ ಎಂದು ಹೆಸರು, ಮೇಷ್ಟ್ರಾಗಿ ನಿವೃತ್ತರಾದವರು. ಬೈಯುತ್ತಾರೆ, ಹೊಡೆಯಲಿಕ್ಕೂ ಬರಬಹುದು ಎಂದುಕೊಂಡಿದ್ದೆ. ಅವರು ಎದುರಿನ ಕುರ್ಚಿಯಲ್ಲಿ ಕೂತು ಮಗಳಿಗೆ ತಾವೇ ಊಟ ಕಲೆಸಿ ತಿನ್ನಿಸುವ ಸಂಗತಿ ಹೇಳಿದರು. ಸಣ್ಣವಳಿದ್ದಾಗ ತಿನ್ನಿಸಿದ್ದು, ಈಗ ಮತ್ತೆ ಎಂದರು. ಆಮೇಲೆ ಹೇಳಿದರು: "ನಮಗೆ ಪರಿಹಾರ ಗಿರಿಹಾರ ಬೇಡಮ್ಮ. ಇನ್ನೊಬ್ಬರ ಮನೆ ಮಗೂಗೆ ಹೀಗಾಗಬಾರದು. ಅದನ್ನ ನಿಲ್ಲಿಸಿ." ಅವರು ಠಾಣೆಯಲ್ಲಿ ದೂರು ಕೊಟ್ಟಿದ್ದಾರೆ. ಕೊಡುವುದು ನ್ಯಾಯವೇ. ಇನ್‌ಸ್ಪೆಕ್ಟರ್ ನನ್ನನ್ನು ಕರೆಸಿ ಪೇಜು ನಡೆಸುವವರು ಯಾರು ಎಂದು ಕೇಳಿದಾಗ, ಅಂಗಡಿ ನನ್ನದು, ಪೇಜಿನ ವಿಷಯ ಗೊತ್ತಿಲ್ಲ ಎಂದೆ. ಮೇಷ್ಟ್ರು ಪಕ್ಕದಲ್ಲೇ ಕೂತಿದ್ದರು. ನನ್ನ ಮುಖ ನೋಡಿದರು. ಶಂಕ್ರಮ್ಮತ್ತೆಯ ಸುಳ್ಳಿಗಿಂತ ನನ್ನದೇನೂ ಚೆನ್ನಾಗಿರಲಿಲ್ಲ. ಸೋಮವಾರ ಮತ್ತೆ ಠಾಣೆಗೆ ಬರಬೇಕೆಂದು ಇನ್‌ಸ್ಪೆಕ್ಟರ್ ಹೇಳಿದ್ದಾರೆ.

ನಿನ್ನ ಹೆಸರು ನನ್ನ ಬಾಯಿಂದ ಬರುವುದಿಲ್ಲ. ಅವ್ವ ಹೋದಾಗ ನೀನು ನನ್ನ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ಅಂಥವಳನ್ನು ಠಾಣೆಯ ಮೆಟ್ಟಿಲಿಗೆ ನಾನು ತಳ್ಳಲಾರೆ. ಆದರೆ ನೀನಾಗಿ ಬಾ. ಬರುವ ಮೊದಲು ಆ ಪೇಜು ಮುಚ್ಚು. ಅದನ್ನು ತೆರೆದವಳು ನೀನು, ನಮ್ಮಲ್ಲಿ ಮುಚ್ಚಲು ಬರುವುದೂ ನಿನಗೊಬ್ಬಳಿಗೇ. ತೆಗೆದುಕೊಂಡವರಿಗೆಲ್ಲ ಹಚ್ಚಬೇಡಿ, ಹಚ್ಚಿದ್ದರೆ ಡಾಕ್ಟರಿಗೆ ತೋರಿಸಿ ಎಂದು ಸಂದೇಶ ಕಳಿಸು. ಕಾಶಿನಾಥನ ಶೆಡ್ಡು ಯಾವ ಗಲ್ಲಿಯಲ್ಲಿದೆ ಹೇಳು. ಬೇಕಾದರೆ ಠಾಣೆಯಲ್ಲಿ ನಿನ್ನ ಪಕ್ಕ ನಾನು ಕೂರುತ್ತೇನೆ. ಶಿಕ್ಷೆಯಾದರೆ ಹೊರಗೆ ಕಾಯುತ್ತೇನೆ. ಕೈಮುಗಿದು ಕೇಳುತ್ತೇನೆ ಸುಮಿ, ಅಕ್ಕನಾದವಳು ತಂಗಿಗೆ ಕೈಮುಗಿಯಬಾರದು ಎನ್ನುತ್ತಾರೆ, ಆದರೂ ಮುಗಿಯುತ್ತೇನೆ. ಅಂಗಡಿಯ ಶಟರ್ ಎಳೆದಿದ್ದೇನೆ. ಕೆಲಸಕ್ಕೆ ಕೈಯೇ ಏಳುವುದಿಲ್ಲ. ಯಾರ ಕೈ ಹಿಡಿದರೂ ಆ ಹುಡುಗಿಯ ಬೆರಳು ಕಾಣುತ್ತವೆ.

ಅತ್ತೆಗೆ ನನ್ನ ಶರಣು ತಿಳಿಸು. ಅವಳ ಔಷಧಿ ಮುಗಿದಿದ್ದರೆ ಹಂಪಯ್ಯನ ಹತ್ತಿರ ಹೇಳಿ ಕಳಿಸು. ಅಪ್ಪ ನಿನಗೆ ಆಶೀರ್ವಾದ ಹೇಳಿದ್ದಾನೆ. ನನ್ನದೂ ಸದಾ ನಿನ್ನ ಮೇಲಿದೆ.

ನಿನ್ನ ಅಕ್ಕ,
ಗಂಗಾ

ತಾ.ಕ.: ಪತ್ರ ಮಡಚಿ ಹಂಪಯ್ಯನಿಗೆ ಕೊಡುವಷ್ಟರಲ್ಲಿ ಅಂಗಡಿಯ ಮುಂದೆ ಆಟೊ ನಿಂತಿತು. ನಲ್ಗೊಂಡದಿಂದ ಒಬ್ಬ ತಾಯಿ, ಜೊತೆಗೆ ಇನ್ನೂ ಶಾಲೆಗೆ ಹೋಗುವ ಮಗಳು. ಹುಡುಗಿಯ ಎರಡೂ ಕೈ ದುಪಟ್ಟಾದಲ್ಲಿ ಸುತ್ತಿವೆ. ಡಬ್ಬಿಯ ಮೇಲಿನ ವಿಳಾಸ ಹಿಡಿದು ಬಂದಿದ್ದಾರೆ. ತಾಯಿ ನನ್ನ ಫೋಟೊ ನೋಡಿ, ನನ್ನ ಮುಖ ನೋಡಿ, ಇದು ನೀವೇನಾ ಎಂದು ಕೇಳಿದಳು. ಹೌದು ಎಂದೆ. ಆ ಮಗು ಅದನ್ನು ಆರ್ಡರ್ ಮಾಡಿದ್ದು ನಾನು ಠಾಣೆಯಲ್ಲಿ ಗೊತ್ತಿಲ್ಲ ಎಂದು ಹೇಳಿ ಬಂದ ಮರುದಿನ. ಅಂದೇ ನಿನ್ನ ಹೆಸರು ಹೇಳಿದ್ದರೆ ಅದರ ಕೈಗೆ ಇದು ತಲುಪುತ್ತಿತ್ತೋ ಇಲ್ಲವೋ.

ನಿನ್ನ ಹೆಸರು ಹೇಳುವುದಿಲ್ಲವೆಂದು ಮೇಲೆ ಬರೆದ ಮಾತನ್ನು ಹೊಡೆದು ಹಾಕುವುದಿಲ್ಲ. ಬರೆಯುವಾಗ ಅದು ನಿಜವಾಗಿತ್ತು, ಈಗ ನಡೆಸಲಾರೆ. ಇವರ ಜೊತೆ ಇದೇ ಆಟೊದಲ್ಲಿ ಮೊದಲು ಡಾಕ್ಟರ ಹತ್ತಿರ, ಅಲ್ಲಿಂದ ನೇರ ಠಾಣೆಗೆ ಹೋಗುತ್ತೇನೆ. ನಿನ್ನ ಹೆಸರು, ಅತ್ತೆಯ ಮನೆ, ಕಾಶಿನಾಥ, ಎಲ್ಲ ಹೇಳುತ್ತೇನೆ. ಪೊಲೀಸರು ಅಲ್ಲಿಗೆ ಬರುವುದರೊಳಗೆ ಪೇಜು ಮುಚ್ಚಿಬಿಡು, ಅಷ್ಟಾದರೂ ನೀನಾಗಿ ಮಾಡಿದಂತಾಗಲಿ. ಇನ್ನೆಲ್ಲಿಗೂ ಓಡಬೇಡ. ಅವರ ಜೀಪಿನಲ್ಲಿ ನನ್ನನ್ನೂ ಕರೆದುಕೊಂಡು ಹೋಗಿ ಎಂದು ಕೇಳಿಕೊಳ್ಳುತ್ತೇನೆ.