ಕಾಫಿ ಮಷೀನಿಗೊಂದು ಗಿರಣಿ

ಸಾಂತಾಕ್ರೂಜ್ ಪೂರ್ವ, ಮುಂಬೈ
ರವಿವಾರ, 9 ನವೆಂಬರ್ 2025

ಪ್ರೀತಿಯ ಅವ್ವಾ,

ನಿನ್ನ ಪಾದಕ್ಕೆ ನಮಸ್ಕಾರ. ಮಂಡಿನೋವು ಹೇಗಿದೆ? ವಿಜಯಪುರದ ಥಂಡಿಗೆ ಜಾಸ್ತಿಯಾಗಿರಬೇಕು. ಅಕ್ಕನ ಮಗಳ ಬಾಣಂತನಕ್ಕೆ ಜೊತೆಗಿರುತ್ತೇನೆ ಎಂದು ಹೋದವಳು, ಕೂಸಿಗೆ ನೀರೆರೆಯುವುದರಿಂದ ಹಿಡಿದು ಲೋಬಾನ ಹಾಕುವವರೆಗೆ ಎಲ್ಲವನ್ನೂ ಮೈಮೇಲೆ ಹಾಕಿಕೊಂಡಿರುತ್ತೀ, ನನಗೆ ಗೊತ್ತು. ಮಹಾದೇವಿ ಅಕ್ಕನಿಗೂ ಕೈಕಾಲಿವೆ, ಸ್ವಲ್ಪ ಮಾಡಲಿ ಬಿಡು. ಫೋನು ಬಿಟ್ಟು ಕಾಗದ ಯಾಕೆ ಬರೆದ ಎಂದು ಹೆದರಬೇಡ. ಫೋನು ಎತ್ತಿದ ಕೂಡಲೇ ನೀನು ಸ್ಪೀಕರ್ ಹಾಕಿಬಿಡುತ್ತೀ. ಅಕ್ಕ, ಭಾವ, ಕೂಸು ನೋಡಲು ಬಂದ ಓಣಿಯ ಮಂದಿ, ಎಲ್ಲರೂ ನನ್ನ ಮಾತಿಗೆ ಹೂಂಗುಟ್ಟುತ್ತಾರೆ. ಇದು ನಿನ್ನೊಬ್ಬಳಿಗೇ ಹೇಳುವ ಮಾತು.

ನೀನು ಹೊರಡುವ ಮುಂಚೆ ಬಂದ ಕಾಫಿ ಮಷೀನು ನೆನಪಿದೆಯಲ್ಲ, ಅಡುಗೆಕಟ್ಟೆಯ ಅರ್ಧ ನುಂಗಿ ಕೂತದ್ದು? "ಚಾ ಕುಡಿಯೋ ಮಂದಿಗೆ ಈ ಇಂಜಿನ್ ಯಾಕ ಬೇಕಿತ್ತೋ ಯಪ್ಪಾ" ಎಂದಿದ್ದೆ. ವರ್ಷಗಟ್ಟಲೆ ಆಸೆಪಟ್ಟು ತಂದದ್ದು ಅವ್ವಾ. ಅಂಥ ಮಷೀನಿಗೆ ಅಂಗಡಿಯ ಪುಡಿ ನಡೆಯುವುದಿಲ್ಲ, ಬೀಜವನ್ನು ಆಗಿಂದಾಗ್ಗೆ ಅರೆಯಬೇಕು. ಇಲ್ಲೇ ಹೋಟೆಲೊಂದರಲ್ಲಿ ಕಾಫಿ ಕೌಂಟರ್ ನೋಡಿಕೊಳ್ಳುವ ನನ್ನ ಗೆಳೆಯ ಗುರುಪಾದ, "ಮಷೀನ್ ಎಷ್ಟ ದೊಡ್ಡದಿದ್ರೂ ಗಿರಣಿ ಚಲೋ ಇಲ್ಲಂದ್ರ ಹೊಳ್ಯಾಗ ಹುಣಸಿಹಣ್ಣ ತೊಳದಂಗ ನೋಡು" ಎಂದ. ಎಂದವನೇ ಅಂಧೇರಿಯ ಪರಿಚಯದ ಅಂಗಡಿಯಿಂದ ಎರಡು ಗ್ರೈಂಡರ್ ತಂದು ಮನೆಯಲ್ಲಿಟ್ಟ. ಹತ್ತು ದಿನ ಇಟ್ಟುಕೊಂಡು ನೋಡಿ ಒಂದನ್ನು ಆರಿಸಬೇಕು, ಇನ್ನೊಂದು ವಾಪಸ್ಸು. ವಿಕ್ರೋಳಿಯ ಚಾಳಿನ ಮುಂದೆ ಅಪ್ಪನ ಹಿಟ್ಟಿನ ಗಿರಣಿಯಲ್ಲೇ ಬೆಳೆದವನಿಗೆ ಇದೇನು ಮಹಾ ಎನಿಸಿತ್ತು. ಎರಡೂ ಅದೇ ಜಾತಿ. ಬೀಜ ಅರೆಯುವ ಹಲ್ಲು ಬಿಗಿ ಮಾಡಿದರೆ ಪುಡಿ ನುಣ್ಣಗಾಗಿ ಕಾಫಿ ಹನಿಹನಿಯಾಗಿ ಇಳಿಯುತ್ತದೆ, ಸಡಿಲ ಬಿಟ್ಟರೆ ನೀರಿನ ಹಾಗೆ ಸುರಿಯುತ್ತದೆ. ಒಂದರ ಹಲ್ಲು ಚಪ್ಪಟೆ ಬಿಲ್ಲೆ, ಇನ್ನೊಂದರದು ಬುಗುರಿಯಂತೆ ಚೂಪು, ಅಷ್ಟೇ ಫರಕು.

ಆದರೆ ಎರಡರ ಕಾಫಿಯೂ ನನಗೆ ಒಂದೇ. ಚಪ್ಪಟೆ ಹಲ್ಲಿನದಕ್ಕೆ ಮೂಸಂಬಿ ಸಿಪ್ಪೆಯ ಘಮ ಬರುತ್ತದೆ, ಚೂಪಿನದಕ್ಕೆ ಹುರಿದ ಶೇಂಗಾದ ಘಮ ಎಂದು ಗುರುಪಾದ ಕಣ್ಣು ಮುಚ್ಚಿ ಹೇಳುತ್ತಿದ್ದ. ನಾನೂ ಕಣ್ಣು ಮುಚ್ಚಿ ತಲೆಯಾಡಿಸಿದೆ. ಕಹಿ ಗೊತ್ತಾಗುತ್ತಿತ್ತು, ಹುಳಿ ಗೊತ್ತಾಗುತ್ತಿತ್ತು, ಬಿಸಿ ಗೊತ್ತಾಗುತ್ತಿತ್ತು. ಅದರಾಚೆ ಏನೂ ಇಲ್ಲ. ಬೀಜ ಹಳೆಯದು ಎಂದುಕೊಂಡು ಹೊಸದು ತಂದೆ. ನೀರು ಸರಿಯಿಲ್ಲ ಎಂದು ಬಾಟಲಿ ನೀರು ಹಾಕಿದೆ. ಎರಡೂ ಗ್ರೈಂಡರ್ ದಂಡ, ಮೂರನೆಯದು ತಾ ಎಂದು ಗುರುಪಾದನ ಮೇಲೆ ಹರಿಹಾಯ್ದೆ. ಕುಣಿಯಲಾರದವಳಿಗೆ ನೆಲ ಡೊಂಕು. ಪಾಪ, ಅವನು ಕಪ್ಪು ತೊಳೆದಿಟ್ಟು ಹೋದ.

ಮೊನ್ನೆಯದಲ್ಲ, ಅದರ ಹಿಂದಿನ ಬುಧವಾರ ಏನಾಯಿತೆಂದರೆ, ಮಿಕ್ಸರ್ ಕೆಟ್ಟು ಕೂತಿತ್ತು. ನಿನ್ನ ಸೊಸೆ ಸೋನಾಲಿಗೆ ಮಸಾಲೆ ಆಗಬೇಕಿತ್ತು. ಗಿರಣಿ ಅಂದರೆ ಗಿರಣಿ, ಬೀಸಲಿಕ್ಕೇ ಅಲ್ಲವೇ ಇರುವುದು ಎಂದು ಹುರಿದ ಜೀರಿಗೆಯನ್ನು ಚಪ್ಪಟೆ ಹಲ್ಲಿನ ಗ್ರೈಂಡರಿಗೆ ಸುರಿದಿದ್ದಾಳೆ! ಅಪ್ಪನ ಗಿರಣಿಯಲ್ಲಿ ಮೆಣಸಿನಕಾಯಿ ಬೀಸಿದ ಮೇಲೆ ಒಂದು ಮುಷ್ಟಿ ಜೋಳ ಹಾಕಿ ಕಲ್ಲು ತೊಳೆಯುತ್ತಿದ್ದೆವು. ಇವಳು ಮೇಲೆ ಮೇಲೆ ಒರೆಸಿ ಇಟ್ಟಿದ್ದಾಳೆ. ಸಂಜೆ ಆಫೀಸಿನಿಂದ ಬಂದು ಅದರಲ್ಲೇ ಬೀಜ ಬೀಸಿ ಕಾಫಿ ಮಾಡಿದೆ. "ಇವತ್ತ ಭಾಳ ಚಲೋ ಇಳದೈತಿ" ಎನ್ನುತ್ತ ಪೂರ್ತಿ ಕುಡಿದೆ. ಅವಳು ಒಂದು ಗುಟುಕು ಬಾಯಿಗಿಟ್ಟವಳೇ "ಅಗ ಬಾಯಿ!" ಎಂದು ಮರಾಠಿಯಲ್ಲಿ ಚೀರಿ ಸಿಂಕಿಗೆ ಓಡಿದಳು. ಜೀರಿಗೆ ಕಷಾಯ ಎಂದು ಬಿದ್ದು ಬಿದ್ದು ನಕ್ಕಳು. ಆಮೇಲೆ ನನ್ನ ಖಾಲಿ ಕಪ್ಪು ನೋಡಿದಳು, ನಗು ನಿಂತಿತು. "ನಿಮಗ ವಾಸನಿ ಬರಲೇ ಇಲ್ಲೇನ್ರಿ?" ಎಂದಳು.

ನೆಗಡಿ ಎಂದೆ. ಅವಳು ಹಾಲು ತರಲು ಕೆಳಗಿಳಿದ ಮೇಲೆ ಡಬ್ಬಿಗಳನ್ನೆಲ್ಲ ತೆಗೆದೆ. ಕೊಬ್ಬರಿ ಎಣ್ಣೆ, ಊದಿನಕಡ್ಡಿ, ನೀನು ಬಿಟ್ಟುಹೋದ ನೋವಿನ ಎಣ್ಣೆ, ಒಂದರ ವಾಸನೆಯೂ ಇಲ್ಲ. ಕೊನೆಗೆ ಇಂಗಿನ ಡಬ್ಬಿಯಲ್ಲಿ ಮೂಗು ತುರುಕಿದೆ. ಅದರಲ್ಲೂ ಏನೂ ಇರಲಿಲ್ಲ. ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ ಅವ್ವಾ. ನೆಗಡಿ ಇರಲಿಲ್ಲ, ಜ್ವರವೂ ಬಂದಿರಲಿಲ್ಲ. ಯಾವಾಗ ಹೋಯಿತು ಎಂಬುದೇ ಗೊತ್ತಿಲ್ಲ.

ಮೂಗು ಕಟ್ಟಿದೆ ಎಂಬ ನೆಪದ ಮೇಲೆ ಗ್ರೈಂಡರ್ ಆರಿಸುವ ಕೆಲಸ ಸೋನಾಲಿಯ ಪಾಲಿಗೆ ಬಿತ್ತು. ಚಹಾ ಬಿಟ್ಟು ಬೇರೇನೂ ಮುಟ್ಟದವಳು ಮೂರು ದಿನ ಎರಡೂ ಕಾಫಿ ಕುಡಿದು, ಮುಖ ಕಿವುಚಿ, ಚೂಪು ಹಲ್ಲಿನದೇ ಇರಲಿ ಎಂದಳು. ಶೇಂಗಾ ವಾಸನೆ ಅವಳಿಗೂ ಬಂತಂತೆ. ಅದನ್ನೇ ಇಟ್ಟುಕೊಂಡೆವು. ಇನ್ನೊಂದರ ಹಲ್ಲು ಬಿಚ್ಚಿ ತೊಳೆದು, ಜೀರಿಗೆಯ ಕಥೆ ಹೇಳಿ, ಗುರುಪಾದನ ಕ್ಷಮೆಯನ್ನೂ ಕೇಳಿದೆ. ಅವನು ನಕ್ಕುಬಿಟ್ಟ. ಈಗ ದಿನಾ ಬೆಳಿಗ್ಗೆ ನಾನು ಮಾಡುತ್ತೇನೆ, ಅವಳು ಮೂಸಿ ಹೇಗಿದೆ ಎಂದು ಹೇಳುತ್ತಾಳೆ.

ಕೂಸಿಗೆ ನನ್ನ ಮುತ್ತು. ಅಕ್ಕ ಭಾವನಿಗೆ ನಮಸ್ಕಾರ ತಿಳಿಸು. ಗುಳಿಗೆ ತಪ್ಪಿಸಬೇಡ. ನೀನಿಲ್ಲದ ಮನೆ ಬಿಕೋ ಅನ್ನುತ್ತದೆ.

ನಿನ್ನ ಮಗ,
ಸಂತು

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಸೋನಾಲಿ ಈಗ ಬರುತ್ತಾಳೆ. ನಿನ್ನೆ ಅವಳಿಗೆ ಹೇಳದೆ ಡಾಕ್ಟರ ಹತ್ತಿರ ಹೋಗಿದ್ದೆ. ಮೂಗಿನಲ್ಲಿ ಏನೂ ದೋಷವಿಲ್ಲವಂತೆ. ಕಾರಣ ಬೇಕಾದಷ್ಟು ಇರಬಹುದು, ಪರೀಕ್ಷೆ ಮಾಡೋಣ ಎಂದರು. ಆಮೇಲೆ, ಮನೆಯಲ್ಲಿ ಯಾರಿಗಾದರೂ ಕೈ ನಡುಗುವ ಕಾಯಿಲೆ ಇತ್ತೇ ಎಂದು ಕೇಳಿದರು. ಕೆಲವರಿಗೆ ಕೈ ನಡುಗುವುದಕ್ಕೆ ಎಷ್ಟೋ ವರ್ಷ ಮೊದಲೇ ವಾಸನೆ ಹೋಗುತ್ತದಂತೆ. ಅಪ್ಪ ಎಂಟು ವರ್ಷ ಅದರಲ್ಲೇ ಸವೆದು ಹೋದದ್ದನ್ನು ಕಣ್ಣಾರೆ ಕಂಡವನು ನಾನು, ಇಲ್ಲ ಎಂದುಬಿಟ್ಟೆ. ಎರಡು ವಾರ ಬಿಟ್ಟು ಮತ್ತೆ ಹೋಗಿ ನಿಜ ಹೇಳಬೇಕು. ಅದಕ್ಕೆ ಮೊದಲು ನೀನು ಹೇಳು. ಒಮ್ಮೆ ಗಿರಣಿಯ ಕಲ್ಲು ಬಿಗಿಯಾಗಿ ಜೋಳದ ಹಿಟ್ಟು ಸುಟ್ಟು, ಚಾಳಿಗೆಲ್ಲ ವಾಸನೆ ಹಬ್ಬಿ ಮಂದಿ ಜಗಳಕ್ಕೆ ಬಂದಾಗ ಅಪ್ಪ, "ಎಲ್ಲೈತಿ ವಾಸನಿ, ನನಗ ಬರವಲ್ದು" ಎಂದಿದ್ದನಲ್ಲ. ಆಗ ಅವನ ಕೈ ನಡುಗುತ್ತಿತ್ತೇ, ಇಲ್ಲವೇ? ನಾನು ಸಣ್ಣವನು, ನೆನಪಿಲ್ಲ. ಇದ್ದದ್ದನ್ನು ಇದ್ದ ಹಾಗೆ ಬರೆ. ನಾನು ಹೆದರುತ್ತೇನೆ ಎಂದು ಸುಳ್ಳು ಬರೆಯಬೇಡ ಅವ್ವಾ, ಹೆದರಿಕೆ ಆಗಲೇ ಆಗಿದೆ.