ಮದುವೆಯಾಗಿ ಹೋದವರ ಕುರ್ಚಿ

ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಕಣ್ಣು ಎಳೆಯುತ್ತಿತ್ತು, ಬೇಸರ ಮಾಡಿಕೊಳ್ಳಬೇಡ. ಫೋನ್ ಸದ್ದಿಗೆ ನೀನು ಈಗಲೂ ಬೆಚ್ಚಿಬೀಳುತ್ತೀಯೆಂದು ಅಮ್ಮ ಹೇಳಿದಳು. ಹಾಗಾಗಿ ಇನ್ನು ಮುಂದೆಯೂ ನಮಗೆ ಕಾಗದವೇ ಇರಲಿ. ನನ್ನ ಕಾಗೆಕಾಲು ಗುಬ್ಬಿಕಾಲು ಓದಲಾಗದಿದ್ದರೆ ಅಮ್ಮನ ಕೈಗೆ ಕೊಡು, ಅವಳಿಗೆ ಅಭ್ಯಾಸವಿದೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಅತ್ತಿಗೆಗೆ ಬೆನ್ನುನೋವು ಕಡಿಮೆಯಾಗಿದೆ, ಮಾತು ಕಡಿಮೆಯಾಗಿಲ್ಲ.

ಆಫೀಸು ನೀನು ಬಿಟ್ಟಾಗ ಹೇಗಿತ್ತೋ ಹಾಗೇ ಇದೆ. ನೀವೆಲ್ಲ ಅಲಾರಾಂ ಎಂದು ಕರೆಯುತ್ತಿದ್ದ ಮ್ಯಾನೇಜರ್ ಈಗಲೂ ಕುರ್ಚಿಗಳ ಹಿಂದೆ ನಿಂತು ಗಿರಾಕಿಗಳ ದೂರಿನ ಕರೆಗಳನ್ನು ಕದ್ದು ಕೇಳುತ್ತಾನೆ. ಯಾರಾದರೂ ಮಾತು ತಪ್ಪಿದರೆ ಹಾಲ್‌ನ ನಡುವೆ ನಿಲ್ಲಿಸಿ, ತಪ್ಪಿದ್ದನ್ನೇ ಜೋರಾಗಿ ಮತ್ತೆ ಮತ್ತೆ ಹೇಳಿಸುತ್ತಾನೆ. ಬಂದವರು ನಿಲ್ಲುವುದಿಲ್ಲ. ಅವರ ಬದಲಿಗೆ ಜನ ತಂದು ಸೇರಿಸುವುದು ನನ್ನ ಕೆಲಸ. ನೆಟ್‌ನಲ್ಲಿ ನಮ್ಮ ಕಂಪನಿಗೆ ಒಂದೇ ನಕ್ಷತ್ರವಂತೆ. "ಅದೂ ಮ್ಯಾನೇಜರ್ ತಾವೇ ಕೊಟ್ಕೊಂಡಿರೋದು ಬಿಡಿ ಸಾರ್" ಎಂದ ವಾಚ್‌ಮನ್.

ನಿನ್ನ ಕುರ್ಚಿ ಖಾಲಿಯೇ ಇತ್ತು. ಅದು ಕುಸಿಯದಂತೆ ನೀನು ಸಿಕ್ಕಿಸಿದ್ದ ರಟ್ಟು ಇನ್ನೂ ಅಲ್ಲೇ ಇದೆ. ಈ ವಾರದೊಳಗೆ ಅಲ್ಲಿ ಯಾರನ್ನಾದರೂ ಕೂರಿಸದಿದ್ದರೆ ನನ್ನ ಜಾಗಕ್ಕೇ ಬೇರೆಯವರನ್ನು ನೋಡುವುದಾಗಿ ಅಲಾರಾಂ ಹೇಳಿದ್ದ.

ಗುರುವಾರ ಸಂದರ್ಶನಕ್ಕೆ ಒಬ್ಬಳು ಬಂದಳು. ಮೊದಲು ಸಿನಿಮಾ ಟಿಕೆಟ್ ಕೌಂಟರಿನಲ್ಲಿದ್ದವಳು, ಬಾಯಿ ಚುರುಕು.

"ಈ ಸೀಟಲ್ಲಿ ಮುಂಚೆ ಇದ್ದೋರು ಯಾಕೆ ಬಿಟ್ರು ಸಾರ್?"

ಅದಕ್ಕೆ ಆಫೀಸು ಕಲಿಸಿಕೊಟ್ಟ ಉತ್ತರ ನಿನಗೆ ಗೊತ್ತೇ ಇದೆ. "ಮದುವೆಯಾಗಿ ಹೋದ್ರು" ಎಂದೆ.

"ಅವರಿಗಿಂತ ಮುಂಚೆ?"

"ಅವರೂ ಮದುವೆಯಾಗಿ."

"ಅಬ್ಬಾ, ಎಂಥಾ ಕುರ್ಚಿ ಸಾರ್! ನಮ್ಮಮ್ಮ ಗಂಡು ಹುಡುಕಿ ಹುಡುಕಿ ಚಪ್ಪಲಿ ಸವೆಸ್ಕೊಂಡಿದ್ದಾಳೆ. ಇಲ್ಲಿ ಬಂದು ಕೂತಿದ್ರೆ ಆಗ್ತಿತ್ತಲ್ಲ!"

ನಕ್ಕುಬಿಟ್ಟೆ. ಆ ಕೋಣೆಯಲ್ಲಿ ನಾನು ನಕ್ಕು ಎಷ್ಟು ಕಾಲವಾಗಿತ್ತೋ. ಆಮೇಲೆ ಅವಳು ದನಿ ತಗ್ಗಿಸಿ, "ನಿಜ ಹೇಳಿ ಸಾರ್. ನಿಮ್ಮ ತಂಗಿ ಅಂದ್ಕೊಂಡು ಹೇಳಿ" ಎಂದಳು. ನಾಳೆ ಬನ್ನಿ ಎಂದು ಕಳಿಸಿದೆ.

ಆ ವಿಷಯ ಇರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ಸಂಜೆ ಅಮ್ಮನ ಜೊತೆ ಒಂದಿಷ್ಟು ನಡೆದು ಬಾ. ಬೆಚ್ಚಿ ಏಳದಂಥ ನಿದ್ದೆ ನಿನ್ನದಾಗಲಿ, ಎಲ್ಲ ಒಳ್ಳೆಯದಾಗಲಿ. ಉತ್ತರಕ್ಕೆ ಅವಸರವಿಲ್ಲ.

ನಿನ್ನ
ಅಣ್ಣ

ವಿ.ಸೂ.: ಇದಿಷ್ಟನ್ನು ಅಮ್ಮನಿಗೆ ತೋರಿಸಬೇಡ, ಅದಕ್ಕೇ ಅಕ್ಷರ ದುಂಡಗೆ ಬರೆಯುತ್ತಿದ್ದೇನೆ. ಆ ಟಿಕೆಟ್ ಕೌಂಟರಿನವಳು ಶುಕ್ರವಾರ ಮತ್ತೆ ಬಂದಳು, ಅದೇ ಪ್ರಶ್ನೆ ಕೇಳಿದಳು. ಈ ಸಲ ಎಲ್ಲ ಹೇಳಿಬಿಡೋಣವೆಂದು, "ಅಲ್ಲಿ ಕೂರ್ತಿದ್ದವಳು ನನ್ನ ತಂಗೀನೇ" ಎಂದು ಶುರುಮಾಡಿದೆ. ಮುಂದಿನ ಮಾತು ಹೊರಡುವಷ್ಟರಲ್ಲಿ ಅವಳ ಮುಖ ಅರಳಿತು. "ಅಯ್ಯೋ, ಮೊದಲೇ ಹೇಳಬಾರ್ದಾ ಸಾರ್! ಸ್ವಂತ ತಂಗೀನೇ ಕೂರಿಸಿದ್ರಿ ಅಂದ್ಮೇಲೆ ಇನ್ನೇನು? ಜನ ಸುಮ್ನೆ ಆಡ್ಕೋತಾರೆ" ಎಂದು ಸಹಿ ಹಾಕಲು ಪೆನ್ನು ಕೇಳಿದಳು. ಕೊಟ್ಟೆ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದ ಅಲಾರಾಂ ನನ್ನ ಬೆನ್ನು ತಟ್ಟಿ, "ಇನ್ಮೇಲೆ ಎಲ್ಲರಿಗೂ ಇದನ್ನೇ ಹೇಳಿ, ಆ ಮದುವೆ ಕಥೆ ಬೇಡ" ಎಂದ.

ನಾಳೆ ಅವಳು ಕೆಲಸಕ್ಕೆ ಬರುತ್ತಾಳೆ. ರಟ್ಟು ತೆಗೆಯಬೇಡಿ, ಕುರ್ಚಿ ಕುಸಿಯುತ್ತದೆ ಎಂದು ಹೇಳುತ್ತೇನೆ.